ಜುಕಿನಿಯ ರವಾ ಫ್ರೈ: ಏನೇನು ಕೆಟ್ಟಿತು, ಯಾವುದು ನಿಂತಿತು

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೈತಖೋಲ ಬಂದರಿನಲ್ಲಿ ಸಾಲಾಗಿ ಕಟ್ಟಿ ನಿಂತಿರುತ್ತವೆ. ಕಾರವಾರದ ಪೇಟೆಯಲ್ಲಿ ಅಪರೂಪಕ್ಕೆ ಬರುವ ಬಂಗಡೆಗೆ ಮಾರುವವರು ಹೇಳಿದ್ದೇ ದರ. ಆದರೆ ಮನೆಯಲ್ಲಿ ರವಾ ಫ್ರೈಯ ಸಾಮಾನು ಎಲ್ಲಾ ಇದೆ: ಬ್ಯಾಡಗಿ ಮೆಣಸಿನ ಪುಡಿ, ಮುರುಗಲು (ಕೋಕಂ) ಸಿಪ್ಪೆ, ರವೆ, ಎಣ್ಣೆ ಕುಡಿದು ಕಪ್ಪಾದ ಕಬ್ಬಿಣದ ಕಾವಲಿ. ಅದರ ಮೇಲೆ ಹಾಕಲಿಕ್ಕೆ ಮೀನಿಲ್ಲ, ಅಷ್ಟೇ.

ತರಕಾರಿ ಅಂಗಡಿಯಲ್ಲಿ ಜುಕಿನಿ ಕಂಡದ್ದು ಆ ಹೊತ್ತಿಗೆ. ಯಾರು ತಗೊಳ್ತಾರೆ ಇದನ್ನು ಎಂದು ಕೇಳಿದೆ. "ನೇವಿಯವರು ಕೇಳ್ತಾರೆ, ಅದಕ್ಕೇ ತರಿಸ್ತೇವೆ" ಎಂದ. ಸಂಜೆ ಚಹಾದ ಜೊತೆ, ಊಟಕ್ಕೆ ಮೊದಲು ಪ್ಲೇಟಿನಲ್ಲಿ ಇಡುವಂಥದ್ದು ಒಂದು ಆಗಬೇಕು, ಹೊರಗೆ ಗರಿ, ಒಳಗೆ ಮೆತ್ತಗೆ. ಇಷ್ಟೇ ಗುರಿ. ಮಾಡಿದ್ದನ್ನೆಲ್ಲ ಅಳತೆ ಸಮೇತ ಬರೆದಿಟ್ಟಿದ್ದೇನೆ. ಕೆಟ್ಟದ್ದೂ ಇದರಲ್ಲಿದೆ, ಏಕೆಂದರೆ ಕೊನೆಯ ವಿಧಾನ ಹುಟ್ಟಿದ್ದೇ ಅಲ್ಲಿಂದ.

ಉಪಕರಣ: 12 ಇಂಚಿನ ಕಬ್ಬಿಣದ ಕಾವಲಿ, ಸಣ್ಣ ಬಾಣಲೆ, ಗ್ರಾಂ ತೋರಿಸುವ ಅಡುಗೆ ತಕ್ಕಡಿ, ಎಣ್ಣೆಗೆ ಅದ್ದುವ ಥರ್ಮಾಮೀಟರ್ (350 ರೂಪಾಯಿ, ಹಿಂದೆ ಕೇಕಿಗೆಂದು ತಂದದ್ದು), ಶಾಲೆಯ ಸ್ಕೇಲು, ಒಂದು ಫೋರ್ಕು, ಹಳೆಯ ಪಂಚೆಯ ತುಂಡು, ಅಗಲದ ಸ್ಟೀಲ್ ಜರಡಿ. ಜರಡಿ ಇಲ್ಲದೆ ಕೈ ಹಾಕಬೇಡಿ, ಕಾರಣ ಮುಂದೆ ಬರುತ್ತದೆ.

ಹಂತ 1: ಕಾಯಿ ಆರಿಸುವುದು

ಕಿಲೋಗೆ 100 ರೂಪಾಯಿ. ಎರಡು ಕಾಯಿ, 520 ಗ್ರಾಂ. ಉದ್ದ 18 ಸೆಂ.ಮೀ., ಅಡ್ಡಗಲ 4.5 ಸೆಂ.ಮೀ. ಇದಕ್ಕಿಂತ ದಪ್ಪದ್ದು ಬೇಡ. ಒಮ್ಮೆ ಅಂಗಡಿಯವ "ದೊಡ್ಡದು ತಗೊಳ್ಳಿ, ಲಾಭ" ಎಂದು ಒಂದನ್ನು ಕೈಗೆ ಹಾಕಿದ್ದ. ಕೊಯ್ದರೆ ಒಳಗೆ ಬೀಜ ಬಲಿತು ನಡುಭಾಗ ಹತ್ತಿಯ ಹಾಗೆ ಸಡಿಲ. ಅದನ್ನು ಚಮಚದಿಂದ ಕೆರೆದು ತೆಗೆದ ಮೇಲೆ ಉಳಿದದ್ದು ಅರ್ಧ. ಜುಕಿನಿ ಕುಂಬಳದ ಬಳಗದ್ದು, ಎಳೆಯದಿರುವಾಗಲೇ ಕೊಯ್ದು ತಿನ್ನುವ ಕಾಯಿ. ಬಲಿತರೆ ಅದರ ಗುಣವೇ ಬೇರೆ.

ಕೊಯ್ದ ಕೂಡಲೇ ಒಂದು ಸಣ್ಣ ಚೂರು ಹಸಿಯಾಗಿ ಬಾಯಿಗೆ ಹಾಕಿ ನೋಡಿ. ಸೌತೆಕಾಯಿಯ ತುದಿ ಕತ್ತರಿಸಿ, ಉಜ್ಜಿ ನೊರೆ ತೆಗೆದರೆ ಕಹಿ ಹೋಯಿತು ಎಂದು ನಾವು ಮುಂದುವರಿಯುತ್ತೇವಲ್ಲ, ಇಲ್ಲಿ ಅದು ನಡೆಯದು. ಜುಕಿನಿ ಬಾಯಿ ಹಿಡಿಯುವಷ್ಟು ಕಹಿ ಇದ್ದರೆ ಆ ಕಾಯಿ ಪೂರ್ತಿ ಎಸೆಯಬೇಕು. ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ಅಂಶ, ಬೇಯಿಸಿದರೂ ಕರಿದರೂ ಹೋಗುವುದಿಲ್ಲ, ಹೊಟ್ಟೆ ಕೆಡಿಸುತ್ತದೆ. ನನಗೆ ಅಂಥದ್ದು ಸಿಕ್ಕಿಲ್ಲ, ಆದರೂ ಪ್ರತಿ ಕಾಯಿಯದ್ದೂ ಚೂರು ತಿಂದೇ ಮುಂದೆ ಹೋಗುತ್ತೇನೆ.

ಸಿಪ್ಪೆ ತೆಗೆಯಬಾರದು. ತೆಗೆದರೆ ಬಿಲ್ಲೆ ಕಾವಲಿ ಮೇಲೆ ಅಂಚು ಬಿಟ್ಟುಕೊಂಡು ಹರಡುತ್ತದೆ.

ಹಂತ 2: ಬಜ್ಜಿಯ ದಾರಿ

ಹೀರೇಕಾಯಿಗೆ ಮಾಡುವ ಹಾಗೆಯೇ ಮಾಡಿದೆ. ಕಡಲೆಹಿಟ್ಟು 100 ಗ್ರಾಂ, ಅಕ್ಕಿಹಿಟ್ಟು 20 ಗ್ರಾಂ, ಓಮ, ಖಾರ, ಉಪ್ಪು. ಬಿಲ್ಲೆ 5 ಮಿ.ಮೀ. ದಪ್ಪ. ಬಾಣಲೆಯಲ್ಲಿ ಸೂರ್ಯಕಾಂತಿ ಎಣ್ಣೆ.

ಬಾಣಲೆಯಿಂದ ಇಳಿದಾಗ ನೋಡಲು ಏನೂ ತೊಂದರೆ ಇಲ್ಲ. ಕಚ್ಚಿದರೆ ಹಿಟ್ಟಿನ ಚೀಲದೊಳಗಿಂದ ಕುದಿಯುವ ನೀರು ನಾಲಿಗೆ ಸುಟ್ಟಿತು. ಐದು ನಿಮಿಷ ಬಿಟ್ಟು ನೋಡಿದರೆ ಹಿಟ್ಟು ಬೇರೆ, ಬಿಲ್ಲೆ ಬೇರೆ. ಒಂದನ್ನು ಒಡೆದೆ: ಮೇಲಿನ ಹಿಟ್ಟಿನ ಪದರ ಬುರುಗಿನಂತೆ ಉಬ್ಬಿ ನಿಂತಿದೆ, ಒಳಗೆ ಬಿಲ್ಲೆ ಕುಗ್ಗಿ ತಳಕ್ಕೆ ಅಂಟಿದೆ, ನಡುವೆ ಬೆರಳು ಹೋಗುವಷ್ಟು ಟೊಳ್ಳು. ಹೀರೇಕಾಯಿ ಬಜ್ಜಿ ಮೆತ್ತಗಾದರೂ ರುಚಿ ಇರುತ್ತದೆ, ಅದಕ್ಕೆ ತನ್ನದೇ ಪರಿಮಳ ಇದೆ. ಜುಕಿನಿಗೆ ಅದಿಲ್ಲ. ಗರಿಯೂ ಹೋದ ಮೇಲೆ ತಿನ್ನಲಿಕ್ಕೆ ಕಾರಣವೇ ಉಳಿಯುವುದಿಲ್ಲ.

ಆಯಿ ಎರಡು ತಿಂದು, "ಇದಕ್ಕಿಂತ ಮೊಗೆಕಾಯೇ ಅಡ್ಡಿಲ್ಲ" ಎಂದು ಎದ್ದಳು.

ಹಂತ 3: ಸೋಡಾ ಹಿಟ್ಟು

ಇಟಲಿಯ ಕಡೆ ಜುಕಿನಿಗೆ ಮೈದಾ ಮತ್ತು ತಣ್ಣೀರಿನ ತೆಳು ಹಿಟ್ಟು ಮಾಡುತ್ತಾರೆ, ಕೆಲವರು ಕುಡಿಯುವ ಸೋಡಾ ಹಾಕುತ್ತಾರೆ. ಮೈದಾ 70 ಗ್ರಾಂ, ಕಾರ್ನ್‌ಫ್ಲೋರ್ 30 ಗ್ರಾಂ, ಫ್ರಿಜ್ಜಿನಲ್ಲಿಟ್ಟ ಸೋಡಾ 140 ಮಿ.ಲೀ. ಹಿಟ್ಟನ್ನು ಹೆಚ್ಚು ಕಲಕಲಿಲ್ಲ, ಗಂಟು ಇದ್ದರೆ ಇರಲಿ. ಜುಕಿನಿಯನ್ನು ಬೆರಳಿನುದ್ದದ ಕಡ್ಡಿ ಮಾಡಿದೆ, ನಡುವಿನ ಬೀಜದ ಭಾಗ ತೆಗೆದು. ಎಣ್ಣೆ 180 ಡಿಗ್ರಿ.

ಮೊದಲ ಕಂತಿಗೆ ಹನ್ನೆರಡು ಕಡ್ಡಿ ಬಿಟ್ಟೆ. ಥರ್ಮಾಮೀಟರ್ ನೋಡುತ್ತಿದ್ದಂತೆಯೇ 180 ಇದ್ದದ್ದು 150ಕ್ಕೆ ಬಿತ್ತು. ಆ ಕಂತು ಎಣ್ಣೆ ಕುಡಿದು ಬಂತು. ಐದೈದರ ಹಾಗೆ ಬಿಟ್ಟಾಗ ಚೆನ್ನಾಗಿ ಬಂತು, ತೆಳ್ಳಗೆ, ಬೆಳ್ಳಗೆ, ಮುರಿದರೆ ಚಟ್ ಅನ್ನುವ ಹಾಗೆ. ಆದರೆ ಮುಂದಿನ ಐದು ಕಡ್ಡಿ ಕರಿಯುವಷ್ಟರಲ್ಲಿ ಮೊದಲಿನವು ಬಾಗಿದವು. ಹೊರಗೆ ಮಳೆ, ಒಳಗೆ ಗೋಡೆಯೂ ಬೆವರುವ ದಿನ. ಇಂಥ ಹವೆಯಲ್ಲಿ ಈ ತೆಳು ಹಿಟ್ಟಿಗೆ ನಾಲ್ಕು ನಿಮಿಷದ ಆಯುಷ್ಯ. ಬಾಣಲೆಯ ಎದುರು ನಿಂತು ತಿನ್ನುವವರಿಗೆ ಇದೇ ಸಾಕು. ಪ್ಲೇಟಿನಲ್ಲಿಟ್ಟು ಹೊರಗೆ ಕೊಂಡುಹೋಗುವವರಿಗೆ ಅಲ್ಲ. ಮೇಲಾಗಿ ಅರ್ಧ ಲೀಟರ್ ಕರಿದ ಎಣ್ಣೆ ಉಳಿಯಿತು, ಅದನ್ನು ಏನು ಮಾಡುವುದು ಎಂಬ ತಲೆನೋವು ಬೇರೆ.

ಹಂತ 4: ನೀರು ಇಳಿಸುವುದು

ಎರಡೂ ಕಡೆ ಕೈ ಕೊಟ್ಟದ್ದು ನೀರು. ಜುಕಿನಿಯಲ್ಲಿ ನೂರಕ್ಕೆ 94-95 ಪಾಲು ನೀರೇ. ಹಿಟ್ಟು ಬದಲಾಯಿಸಿ ಉಪಯೋಗ ಇಲ್ಲ, ಮೊದಲು ಇದನ್ನು ಇಳಿಸಬೇಕು.

ತುದಿ ತೆಗೆದು ಉಳಿದದ್ದು 480 ಗ್ರಾಂ. ಈ ಸಲ ಬಿಲ್ಲೆ 8 ಮಿ.ಮೀ. ಐದು ಮಿ.ಮೀ. ಇದ್ದರೆ ನೀರು ಬಿಟ್ಟ ಮೇಲೆ ಹಪ್ಪಳದಂತೆ ಬಳುಕುತ್ತದೆ, ಕೈಯಲ್ಲಿ ಎತ್ತಿ ಮಸಾಲೆ ಹಚ್ಚಲಿಕ್ಕೇ ಬರುವುದಿಲ್ಲ. ಹನ್ನೆರಡು ಇದ್ದರೆ ನಡುಭಾಗ ಹಸಿ. ಎರಡು ಕಾಯಿಗೆ ಸುಮಾರು ನಲವತ್ತು ಬಿಲ್ಲೆ ಆದವು.

ಉಪ್ಪು 6 ಗ್ರಾಂ. ನಮ್ಮಲ್ಲಿ ಬಳಸುವುದು ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಹರಳುಪ್ಪು. ಹರಳನ್ನು ಹಾಗೇ ಎರಚಿದಾಗ ಕೆಲವು ಬಿಲ್ಲೆ ಉಪ್ಪುಕಡು, ಕೆಲವು ಸಪ್ಪೆ. ಕುಟ್ಟಿ ಪುಡಿ ಮಾಡಿ, ಜರಡಿಯಲ್ಲಿ ಬಿಲ್ಲೆಗಳನ್ನು ಒಂದೇ ಪದರ ಹರಡಿ, ಎರಡೂ ಬದಿಗೆ ಉದುರಿಸಿದೆ. ಚಮಚದ ಲೆಕ್ಕದವರಿಗೆ ಒಂದು ಮಾತು: ಹರಳುಪ್ಪಿನ ಒಂದು ಚಮಚ, ಪುಡಿಯುಪ್ಪಿನ ಒಂದು ಚಮಚ ತೂಕದಲ್ಲಿ ಒಂದೇ ಅಲ್ಲ. ತಕ್ಕಡಿ ಇದ್ದರೆ ಬಳಸಿ.

ಹತ್ತು ನಿಮಿಷಕ್ಕೆ ಮೇಲ್ಮೈಯಲ್ಲಿ ಸಣ್ಣ ಮಣಿಗಳು ಎದ್ದವು. ಇಪ್ಪತ್ತೈದು ನಿಮಿಷಕ್ಕೆ ಮಣಿ ಸೇರಿ ತೊಟ್ಟು, ಕೆಳಗಿನ ತಾಟಿನಲ್ಲಿ ತಿಳಿ ಹಸಿರು ನೀರು. ಪಂಚೆಯ ಮೇಲೆ ಹರವಿ, ಇನ್ನೊಂದು ಮಡಿಕೆ ಮುಚ್ಚಿ ಅಂಗೈಯಿಂದ ಒತ್ತಿದೆ. ಹಿಂಡಬಾರದು, ನಡುವೆ ಬಿರಿಯುತ್ತದೆ. ಮತ್ತೆ ತೂಗಿದರೆ 428 ಗ್ರಾಂ. ಐವತ್ತು ಗ್ರಾಂಗಿಂತ ಹೆಚ್ಚು ನೀರು ಹೋಯಿತು. ಒಂದು ಗಂಟೆ ಬಿಟ್ಟರೆ ಇನ್ನೂ ಹೋಗುತ್ತದೆ, ಆದರೆ ಬಿಲ್ಲೆ ತೊಗಲಿನಂತೆ ಆಗಿ ಒಳಗೆ ಆ ಮೆತ್ತನೆ ಉಳಿಯುವುದಿಲ್ಲ.

ಹಂತ 5: ಮೀನಿನ ಮಸಾಲೆ, ಮೊದಲ ಕಾವಲಿ

ಮೆಣಸಿನ ಪುಡಿ 2 ಚಮಚ (ಬ್ಯಾಡಗಿ, ಬಣ್ಣಕ್ಕೆ), ಖಾರದ ಪುಡಿ ಅರ್ಧ ಚಮಚ, ಅರಿಶಿನ ಕಾಲು, ಶುಂಠಿ-ಬೆಳ್ಳುಳ್ಳಿ ಅರೆದದ್ದು 2 ಚಮಚ. ಆರು ಮುರುಗಲು ಸಿಪ್ಪೆಯನ್ನು ಸ್ವಲ್ಪ ಬಿಸಿನೀರಿನಲ್ಲಿ ಕಿವುಚಿ ಆ ರಸ. ಉಪ್ಪು ಒಂದು ಚಮಚ, ಬಂಗಡೆಗೆ ಹಾಕುವ ಅಂದಾಜಿನಲ್ಲಿ. ಹಚ್ಚಿ, ರವೆಯಲ್ಲಿ ಹೊರಳಿಸಿ, ಕಾವಲಿ ಮೇಲೆ.

ಮನೆ ತುಂಬ ಮೀನು ಹುರಿಯುವ ಪರಿಮಳ. ಪಕ್ಕದ ಮನೆಯವರು ಬಾಗಿಲಲ್ಲಿ ಇಣುಕಿ "ಎಲ್ಲಿ ಸಿಕ್ತು ಮೀನು?" ಎಂದು ಕೇಳಿದರು. ಬಣ್ಣ, ಗರಿ ಎರಡೂ ಬಂತು. ತಿನ್ನಲು ಮಾತ್ರ ಆಗಲಿಲ್ಲ, ಉಪ್ಪು ಅಷ್ಟಿತ್ತು.

ಆಯಿ ಕೇಳಿದ್ದು ಒಂದೇ ಪ್ರಶ್ನೆ: "ಮೊದ್ಲೇ ಉಪ್ಪು ಹಚ್ಚಿ ಇಟ್ಟ ಮೀನಿಗೆ ಮಸಾಲೆಯಲ್ಲಿ ಮತ್ತೆ ಹಾಕ್ತಾರೇನೋ?"

ಅವಳು ಸೇರಿಸಿದ ಇನ್ನೊಂದು ಮಾತು ನನಗೆ ಹೊಳೆದಿರಲಿಲ್ಲ. ಮುರುಗಲು ಸಿಪ್ಪೆಯನ್ನೂ ಉಪ್ಪು ಹಾಕಿಯೇ ಒಣಗಿಸಿರುತ್ತಾರೆ. ಹೀಗೆ ಮೂರು ಕಡೆಯಿಂದ ಉಪ್ಪು. ಈಗ ಮಸಾಲೆಗೆ ಉಪ್ಪೇ ಇಲ್ಲ, ಸಿಪ್ಪೆಯನ್ನು ಮೊದಲು ನೀರಿನಲ್ಲಿ ಒಮ್ಮೆ ಅಲುಬಿ ಆ ನೀರು ಚೆಲ್ಲಿ, ಆಮೇಲೆ ಬಿಸಿನೀರು ಹಾಕುತ್ತೇನೆ. ಅದು ಸರಿಯಾಗಿ ಕೂತಿದೆ.

ಇನ್ನೊಂದು ತೊಂದರೆ ಅಂಚಿನದ್ದು. ಬಿಲ್ಲೆಯ ಎರಡು ಮುಖಕ್ಕೆ ಮಸಾಲೆ ಹಿಡಿಯುತ್ತದೆ, ಸುತ್ತಲಿನ ಹಸಿರು ಸಿಪ್ಪೆಗೆ ಹಿಡಿಯುವುದಿಲ್ಲ. ಅಲ್ಲಿಂದ ಪದರ ಬಿಟ್ಟು ಮಗುಚುವಾಗ ಎದ್ದು ಬರುತ್ತದೆ. ಬಿಲ್ಲೆ ಮಾಡುವ ಮೊದಲೇ ಇಡೀ ಕಾಯಿಯ ಮೇಲೆ ಫೋರ್ಕಿನಿಂದ ಉದ್ದಕ್ಕೆ ಗೀರಿದೆ, ಸುತ್ತಲೂ, ಒಂದು ಮಿ.ಮೀ. ಆಳಕ್ಕೆ. ಗೀರಿದ ಜಾಗದಲ್ಲಿ ಮಸಾಲೆ ಕೂರುತ್ತದೆ. ಇಡೀ ಕೆಲಸದಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಟ್ಟದ್ದು ಈ ಗೀರು. ಬಿಲ್ಲೆಯ ಅಂಚು ಹಲ್ಲುಹಲ್ಲಾಗಿ ಕಾಣುವುದು ಬೇರೆ ಚೆಂದ.

ಮಸಾಲೆ ಗಟ್ಟಿ ಇರಲಿ, ಚಮಚ ಓರೆ ಮಾಡಿದರೆ ನಿಧಾನಕ್ಕೆ ಜಾರಬೇಕು. ತೆಳ್ಳಗಾದರೆ ರವೆ ಅದನ್ನು ಕುಡಿದು ಮುದ್ದೆ ಕಟ್ಟುತ್ತದೆ. ಮುರುಗಲು ರಸ ಎರಡು ದೊಡ್ಡ ಚಮಚಕ್ಕಿಂತ ಹೆಚ್ಚು ಹಿಡಿಯಲಿಲ್ಲ.

ಹಂತ 6: ರವೆ ಎಷ್ಟು, ಅಕ್ಕಿಹಿಟ್ಟು ಎಷ್ಟು

ಬರೀ ಉಪ್ಪಿಟ್ಟು ರವೆ: ಗರಿ ಹೌದು, ಆದರೆ ಕಾಳು ಉದುರಿ ಎಣ್ಣೆಯಲ್ಲಿ ಕರಕಾಗಿ ಎರಡನೇ ಕಂತಿಗೆ ಕಹಿ ಹಿಡಿಸಿತು.
ಬರೀ ಅಕ್ಕಿಹಿಟ್ಟು: ಗಟ್ಟಿ, ಬಿಳಚಿಕೊಂಡ ಪದರ.
ಚಿರೋಟಿ ರವೆ: ಅಂಟಿತು ಚೆನ್ನಾಗಿ, ಬಾಯಲ್ಲಿ ಏನೂ ಗೊತ್ತಾಗಲಿಲ್ಲ.
ಉಪ್ಪಿಟ್ಟು ರವೆ 80 ಗ್ರಾಂ, ಅಕ್ಕಿಹಿಟ್ಟು 40 ಗ್ರಾಂ: ಇದು ನಿಂತಿತು. ನಲವತ್ತು ಬಿಲ್ಲೆಗೆ ಇದರಲ್ಲಿ 90 ಗ್ರಾಂ ಖರ್ಚಾಯಿತು.

ಮಳೆಗಾಲಕ್ಕೆ ಒಂದು ಹೆಚ್ಚಿನ ಕೆಲಸ: ಡಬ್ಬಿಯಲ್ಲಿದ್ದ ರವೆ ಮುಟ್ಟಿದರೆ ತಂಪು, ಒತ್ತಿದರೆ ಗಂಟಾಗುತ್ತದೆ. ಅದನ್ನು ಒಣ ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಎರಡು-ಮೂರು ನಿಮಿಷ ಬೆಚ್ಚಗೆ ಮಾಡಿ ಆರಿಸಿಕೊಂಡರೆ ಬಿಡಿಬಿಡಿಯಾಗುತ್ತದೆ. ಬಣ್ಣ ಬರುವ ತನಕ ಹುರಿಯುವುದು ಬೇಡ.

ಎಲ್ಲ ಬಿಲ್ಲೆಗೂ ಒಟ್ಟಿಗೇ ರವೆ ಹಚ್ಚಿ ತಾಟಿನಲ್ಲಿ ಜೋಡಿಸಿಡುವ ಆಸೆ ಬರುತ್ತದೆ. ಫೋಟೋಕ್ಕೂ ಚೆನ್ನಾಗಿ ಕಾಣುತ್ತದೆ. ಆದರೆ ಹದಿನೈದು ನಿಮಿಷ ಕೂತ ಬಿಲ್ಲೆಗಳು ಮತ್ತೆ ನೀರು ಬಿಟ್ಟು ತಟ್ಟೆಗೆ ಅಂಟಿದವು, ಎತ್ತಿದರೆ ರವೆ ಕೆಳಗೇ ಉಳಿಯಿತು. ಕಾವಲಿಗೆ ಎಷ್ಟು ಹಿಡಿಯುತ್ತದೋ ಅಷ್ಟಕ್ಕೆ ಮಾತ್ರ ಹಚ್ಚಿ. ಅವು ಮಗುಚುವ ಹೊತ್ತಿಗೆ ಮುಂದಿನವಕ್ಕೆ ಹಚ್ಚಲು ಸಮಯ ಸಿಕ್ಕೇ ಸಿಗುತ್ತದೆ.

ಹಂತ 7: ಎಣ್ಣೆ, ಉರಿ

ಗಾಣದ ತೆಂಗಿನೆಣ್ಣೆಯೇ ಬೇಕು, ರುಚಿಗೆ. ಆದರೆ ಅದು 175 ಡಿಗ್ರಿಯ ಆಸುಪಾಸಿನಲ್ಲಿ ಹೊಗೆ ಹಾಕಲು ಶುರು ಮಾಡುತ್ತದೆ, ಬಾಣಲೆಯಲ್ಲಿ 180ಕ್ಕೆ ಕಾಯಿಸಿ ಕರಿಯಲು ತಕ್ಕುದಲ್ಲ. ಕಾವಲಿ ಮೇಲೆ ಮಧ್ಯಮ ಉರಿಯಲ್ಲಿ ತೊಂದರೆಯಿಲ್ಲ. ಕಾವಲಿಯ ತೆಳು ಎಣ್ಣೆಯಲ್ಲಿ ಥರ್ಮಾಮೀಟರ್ ಮುಳುಗುವುದೂ ಇಲ್ಲ, ಹಾಗಾಗಿ ಅದನ್ನು ಬದಿಗಿಟ್ಟೆ. ಒಂದು ಚಿಟಿಕೆ ರವೆ ಹಾಕಿ ನೋಡುವುದು: ಸುಮ್ಮನೆ ಕೂತರೆ ಕಾದಿಲ್ಲ, ಕೂಡಲೇ ಕಪ್ಪಾದರೆ ಅತಿಯಾಯಿತು, ಸುತ್ತ ಸಣ್ಣ ಗುಳ್ಳೆ ಎದ್ದು ಚುರುಗುಟ್ಟಿದರೆ ಬಿಲ್ಲೆ ಇಡಬಹುದು.

ಒಂದು ಕಂತಿಗೆ ಎರಡು ದೊಡ್ಡ ಚಮಚ ಎಣ್ಣೆ, ಹದಿನಾಲ್ಕು ಬಿಲ್ಲೆ, ನಡುವೆ ಬೆರಳಿನಷ್ಟು ಜಾಗ. ಮೊದಲ ಬದಿ ಮೂರು ನಿಮಿಷ, ಮುಟ್ಟುವುದಿಲ್ಲ. ಅಂಚು ಕೆಂಪಾಗಿ, ಸಟ್ಟುಗ ಹಾಕಿದರೆ ತಾನೇ ಬಿಟ್ಟುಕೊಡುವಾಗ ಮಗುಚುವುದು. ಬಿಟ್ಟುಕೊಡದಿದ್ದರೆ ಇನ್ನರ್ಧ ನಿಮಿಷ. ಎರಡನೇ ಬದಿ ಎರಡೂವರೆ ನಿಮಿಷ, ಕಾವಲಿಯ ಅಂಚಿನಿಂದ ಒಂದು ಸಣ್ಣ ಚಮಚ ಎಣ್ಣೆ ಬಿಟ್ಟು.

ಮುಚ್ಚಳ ಮುಚ್ಚಬಾರದು. ದಪ್ಪ ಇಸೋಣ (ಸುರ್ಮಾಯಿ ಮೀನು) ತುಂಡಿಗೆ ಒಳಗೆ ಬೇಯಲೆಂದು ಒಂದು ನಿಮಿಷ ಮುಚ್ಚುವ ಅಭ್ಯಾಸ ನಮ್ಮಲ್ಲಿದೆ. ಜುಕಿನಿಗೆ ಮುಚ್ಚಿದರೆ ಆವಿ ಮುಚ್ಚಳಕ್ಕೆ ತಾಗಿ ವಾಪಸು ಕಾವಲಿಗೆ ಬೀಳುತ್ತದೆ, ಎಣ್ಣೆ ಸಿಡಿಯುತ್ತದೆ, ಗರಿ ಅಲ್ಲಿಗೆ ಮುಗಿಯಿತು.

ಕಂತಿನ ನಡುವೆ ಕಾವಲಿಯನ್ನು ಒಮ್ಮೆ ಬಟ್ಟೆಯಿಂದ ಒರೆಸಿ, ಉದುರಿದ ರವೆ ತೆಗೆಯಬೇಕು. ಎಣ್ಣೆ ಉಳಿದಿದ್ದರೆ ಬಟ್ಟಲಿಗೆ ಸೋಸಿ ಮತ್ತೆ ಹಾಕಿ.

ಹಂತ 8: ಇಳಿಸಿದ ಮೇಲೆ

ಪೇಪರಿನ ಮೇಲೆ ಹಾಕಿದ ಕಂತಿನ ಕೆಳಬದಿ ಎರಡೇ ನಿಮಿಷಕ್ಕೆ ಒದ್ದೆ. ಎಣ್ಣೆ ಹೀರುತ್ತದೆ ನಿಜ, ಆವಿಗೆ ಹೋಗಲು ದಾರಿ ಇಲ್ಲ. ಅದಕ್ಕೇ ಜರಡಿ. ಬೋರಲು ಹಾಕಿ, ಅದರ ಮೇಲೆ ಬಿಲ್ಲೆ ಒಂದೇ ಪದರ. ಪೇರಿಸಬೇಡಿ. ಹೀಗಿಟ್ಟದ್ದು ಜೋರು ಮಳೆಯ ಸಂಜೆಯಲ್ಲೂ ಇಪ್ಪತ್ತು ನಿಮಿಷ ಗರಿಯಾಗಿತ್ತು. ಮೆತ್ತಗಾದರೆ ಒಣ ಕಾವಲಿ ಮೇಲೆ ಬದಿಗೊಂದು ನಿಮಿಷ, ಎಣ್ಣೆ ಬೇಡ, ಮುಕ್ಕಾಲುಪಾಲು ಗರಿ ವಾಪಸು ಬರುತ್ತದೆ.

ಅದ್ದಿಕೊಳ್ಳಲು ಗ್ರೀಸಿನವರು ಮೊಸರು, ಸೌತೆ, ಬೆಳ್ಳುಳ್ಳಿಯ ಜಜೀಕಿ ಕೊಡುತ್ತಾರೆ. ನಾನು ಗಟ್ಟಿ ಮೊಸರು 200 ಗ್ರಾಂ ಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ತೂಗುಹಾಕಿ, ಅದಕ್ಕೆ ಒಂದು ಎಸಳು ಬೆಳ್ಳುಳ್ಳಿ, ಎರಡು ಸೂಜಿಮೆಣಸು ಜಜ್ಜಿ ಹಾಕಿದೆ. ಸೌತೆ ಹಾಕಲಿಲ್ಲ, ನೀರಿನ ಜೊತೆ ಸಾಕಷ್ಟು ಗುದ್ದಾಡಿಯಾಗಿತ್ತು. ಮೊಸರಿಗೂ ಉಪ್ಪು ಬೇಡ. ಮನೆಯವರು ಅದನ್ನು ಬಿಟ್ಟು ಸೋಲ್ ಕಡಿ ಲೋಟ ಹಿಡಿದು ಕೂತರು. ಮುರುಗಲು ಮಸಾಲೆಯಲ್ಲೂ ಇದೆ, ಲೋಟದಲ್ಲೂ ಇದೆ, ಹುಳಿ ಜಾಸ್ತಿ ಆಗಬೇಕಿತ್ತು. ಆಗಲಿಲ್ಲ. ತೆಂಗಿನಹಾಲು ಅದನ್ನು ತಣಿಸುತ್ತದೆ.

ಖರ್ಚು

ಜುಕಿನಿ 52 ರೂಪಾಯಿ. ರವೆ, ಅಕ್ಕಿಹಿಟ್ಟು 8. ಮಸಾಲೆ ಸುಮಾರು 12. ಎಣ್ಣೆ ಹಾಕಿದ್ದು 100 ಮಿ.ಲೀ., ಉಳಿದದ್ದು 35, ಖರ್ಚು 65. ಲೀಟರಿಗೆ 420ರ ಲೆಕ್ಕದಲ್ಲಿ 27 ರೂಪಾಯಿ. ಒಟ್ಟು 99, ಗ್ಯಾಸು ಮತ್ತು ಮೊಸರು ಬಿಟ್ಟು. ನಾಲ್ಕು ಜನರಿಗೆ ಹತ್ತತ್ತು ಬಿಲ್ಲೆ. ಸಮಯ ಒಂದು ಗಂಟೆ ಹತ್ತು ನಿಮಿಷ, ಅದರಲ್ಲಿ ಇಪ್ಪತ್ತೈದು ನಿಮಿಷ ಉಪ್ಪಿನ ಕಾಯುವಿಕೆ. ಜುಕಿನಿ ಅಗ್ಗದ ತರಕಾರಿಯಲ್ಲ, ಹೀರೇಕಾಯಿಗೆ ಇದರ ಅರ್ಧ ಸಾಕು. ಆದರೆ ಹೀರೇಕಾಯಿ ಬಿಲ್ಲೆ ಈ ಮಸಾಲೆ ಹೊತ್ತು ಕಾವಲಿ ಮೇಲೆ ನಿಲ್ಲಲಿಲ್ಲ, ಅದನ್ನೂ ಇಟ್ಟು ನೋಡಿದ್ದೇನೆ. ದೀವಿಹಲಸು ಸಿಗುವ ಕಾಲದಲ್ಲಾದರೆ ನಾನು ಜುಕಿನಿ ಕೊಳ್ಳುವುದಿಲ್ಲ. ಅದರ ರವಾ ಫ್ರೈಗೆ ಇದು ಸಮ ಅಲ್ಲ.

ಬಾಕಿ ಇರುವುದು

ಡಬ್ಬಿ. ಮೀನಿನ ವಾಸನೆಗೆ ಇಣುಕಿದ ಪಕ್ಕದ ಮನೆಯವರಿಗೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕಳಿಸಿದ್ದೆ. ಅವರು ತೆರೆಯುವಷ್ಟರಲ್ಲಿ ಹತ್ತು ನಿಮಿಷ, ಎಲ್ಲಾ ಮೆತ್ತಗೆ. ಪೂರ್ತಿ ಆರಿಸಿ ಹಾಕಿದರೂ ಅಷ್ಟೇ. ತಳಕ್ಕೆ ಬಾಳೆಲೆ ಹಾಕಿದರೆ ಇನ್ನೂ ಬೇಗ ಒದ್ದೆಯಾಯಿತು. ಮುಚ್ಚಳ ಓರೆ ಇಟ್ಟು ಕಳಿಸೋಣ ಎಂದರೆ ಅಂಗಳ ದಾಟುವಷ್ಟರಲ್ಲಿ ಮಳೆ ಒಳಗೆ. ಸದ್ಯಕ್ಕೆ ರವೆ ಹಚ್ಚದ, ಮಸಾಲೆಯನ್ನಷ್ಟೇ ಹಚ್ಚಿದ ಬಿಲ್ಲೆ ಒಂದು ಡಬ್ಬಿಯಲ್ಲಿ, ರವೆ-ಹಿಟ್ಟು ಒಂದು ಪೊಟ್ಟಣದಲ್ಲಿ ಕಳಿಸುತ್ತಿದ್ದೇನೆ. ಕಾವಲಿ ಅವರ ಮನೆಯಲ್ಲೂ ಇದೆ. ಮಸಾಲೆ ಹಚ್ಚಿದ ಬಿಲ್ಲೆ ಅರ್ಧ ಗಂಟೆ ತಡೆಯುತ್ತದೆ, ಡಬ್ಬಿಯಲ್ಲಿ ಒಸರಿದ ನೀರನ್ನು ಚೆಲ್ಲಿ ಹುರಿಯಿರಿ ಎಂದು ಹೇಳಿ ಕಳಿಸಬೇಕು.